ತಾಲ್ಲೂಕಿನ ನ್ಯಾಯಾಧೀಶರ ಸಂಖ್ಯೆ ಕಾಯ್ದೆಯಲ್ಲಿರಲಿ



ಸರ್ವೋಚ್ಚ ನ್ಯಾಯಾಲಯದಲ್ಲಿ ಎಷ್ಟು ಮಂದಿ ನ್ಯಾಯಮೂರ್ತಿಗಳಿರಬೇಕು ಎಂಬುದನ್ನು ಸಂಸತ್ತು ಕಾಯ್ದೆಯಲ್ಲೇ ಅಂಕಿ ಹಾಕಿ ಬರೆದಿದೆ. ಅದಕ್ಕೆಂದೇ 1956ರಲ್ಲಿ ಒಂದು ಪುಟ್ಟ ಕಾಯ್ದೆ ಬಂತು. ಮುಖ್ಯ ನ್ಯಾಯಮೂರ್ತಿಗಳನ್ನು ಬಿಟ್ಟು 10 ಮಂದಿ ಎಂದು ಅದು ಆರಂಭವಾಯಿತು. 1960ರಲ್ಲಿ 13, 1977ರಲ್ಲಿ 17, 1986ರಲ್ಲಿ 25, 2008ರ ತಿದ್ದುಪಡಿಯಲ್ಲಿ 30, 2019ರಲ್ಲಿ 33 ಎಂದು ಆ ಅಂಕಿ ಬೆಳೆಯಿತು. ಪ್ರತಿ ಸಲವೂ ಸರ್ಕಾರ ವಿಧೇಯಕ ತರಬೇಕಾಯಿತು, ಕಾರಣ ಹೇಳಬೇಕಾಯಿತು, ಸದನದ ಒಪ್ಪಿಗೆ ಪಡೆಯಬೇಕಾಯಿತು. ಇನ್ನು ವಿಜಾಪುರ ಜಿಲ್ಲೆಯ ಇಂಡಿಯಲ್ಲಿ, ಸಿಂದಗಿಯಲ್ಲಿ, ಮುದ್ದೇಬಿಹಾಳದಲ್ಲಿ, ಬಸವನ ಬಾಗೇವಾಡಿಯಲ್ಲಿ ಎಷ್ಟು ಮಂದಿ ಸಿವಿಲ್ ನ್ಯಾಯಾಧೀಶರಿರಬೇಕು ಎಂದು ಕೇಳಿದರೆ ಯಾವ ಕಾಯ್ದೆಯ ಯಾವ ಪುಟವನ್ನು ತೆರೆದು ತೋರಿಸಬೇಕು? ಅಂಥ ಪುಟವೇ ಇಲ್ಲ. ಆ ಸಂಖ್ಯೆ ಇರುವುದು ಸರ್ಕಾರಿ ಆದೇಶಗಳಲ್ಲಿ, ಅಧಿಸೂಚನೆಗಳಲ್ಲಿ, ಅದಕ್ಕೂ ಹಿಂದೆ ಹಣಕಾಸು ಇಲಾಖೆಯ ಕಡತದ ಟಿಪ್ಪಣಿಯಲ್ಲಿ. ರೈತನೊಬ್ಬ ಬದುಕಿನಲ್ಲಿ ಒಮ್ಮೆಯೂ ಕಾಣದ ದೆಹಲಿಯ ನ್ಯಾಯಾಲಯದ ಬಲವನ್ನು ಜನಪ್ರತಿನಿಧಿಗಳು ಚರ್ಚಿಸಿ ನಿರ್ಧರಿಸುತ್ತಾರೆ. ಅವನು ಉತಾರ ಹಿಡಿದುಕೊಂಡು ಹತ್ತಾರು ತಾರೀಖು ಅಲೆಯುವ ನ್ಯಾಯಾಲಯದ ಬಲ ಮಾತ್ರ ಆಡಳಿತದ ಮರ್ಜಿಗೆ ಬಿಟ್ಟಿದೆ. ಈ ಕ್ರಮ ತಪ್ಪು, ತಾಲ್ಲೂಕು ನ್ಯಾಯಾಧೀಶರ ಹುದ್ದೆಗಳ ಕನಿಷ್ಠ ಸಂಖ್ಯೆಯನ್ನು ರಾಜ್ಯದ ಕಾಯ್ದೆಗೆ ಒಂದು ಅನುಸೂಚಿಯಾಗಿ ಸೇರಿಸಿ ನಿಯತ ಕಾಲಕ್ಕೆ ಪರಿಷ್ಕರಿಸಬೇಕು ಎಂಬುದೇ ಈ ಉಪನ್ಯಾಸದ ವಾದ.

ಈ ಮರ್ಜಿಗೆ ಒಂದೂವರೆ ಶತಮಾನದ ವಯಸ್ಸಾಗಿದೆ. ಈ ನಾಲ್ಕೂ ತಾಲ್ಲೂಕುಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿದ್ದಾಗ, ಅಂದರೆ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಬರುವ ಮೊದಲೇ, 1869ರ ಮುಂಬಯಿ ಸಿವಿಲ್ ನ್ಯಾಯಾಲಯಗಳ ಕಾಯ್ದೆ ಜಾರಿಗೆ ಬಂತು. ಜಿಲ್ಲಾ ನ್ಯಾಯಾಲಯದ ಕೈಕೆಳಗೆ ಎಷ್ಟು ನ್ಯಾಯಾಲಯಗಳಿರಬೇಕೆಂದು ಸರ್ಕಾರ ಕಾಲಕಾಲಕ್ಕೆ ನಿರ್ದೇಶಿಸುತ್ತದೋ ಅಷ್ಟಿರತಕ್ಕದ್ದು ಎಂಬುದು ಅದರ ಧೋರಣೆ. ಸಬ್ ಜಡ್ಜರಲ್ಲಿ ಎರಡು ದರ್ಜೆ ಮಾಡಿ, ಎರಡನೆಯ ದರ್ಜೆಯವರಿಗೆ 5,000 ರೂಪಾಯಿ ಮೌಲ್ಯದ ದಾವೆಯ ಮಿತಿ ಹಾಕಿತು. ದರ್ಜೆಯೂ ಮಿತಿಯೂ ಕಾಯ್ದೆಯಲ್ಲಿ ಸ್ಪಷ್ಟವಾಗಿವೆ, ಸಂಖ್ಯೆಯೊಂದೇ ಇಲ್ಲ. ಪರರಾಜ್ಯ ಆಳುವವರಿಗೆ ಇದು ಸಹಜ. ಖಜಾನೆಯ ಕೀಲಿ ಕೈಯಲ್ಲಿರಬೇಕಿತ್ತು. ಆದರೆ ಅದೇ ಸರ್ಕಾರ ಹೆದರಿದಾಗ ಬೇರೆ ರೀತಿ ನಡೆದುಕೊಂಡದ್ದೂ ಉಂಟು. 1875ರಲ್ಲಿ ಪುಣೆ, ಅಹಮದನಗರಗಳ ರೈತರು ಸಾಹುಕಾರರ ಮೇಲೆ ಎದ್ದರು. ನಾಲ್ಕು ವರ್ಷಗಳಲ್ಲಿ, 1879ರಲ್ಲಿ, ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಅದು ಮೊದಲು ಅನ್ವಯವಾದ ನಾಲ್ಕು ಜಿಲ್ಲೆಗಳಲ್ಲಿ ಇಂಡಿಯ ನೆರೆಯ ಸೊಲ್ಲಾಪುರವೂ ಒಂದು. ಸಾಲದ ವ್ಯಾಜ್ಯ ಯಾರ ಮುಂದೆ ಹೋಗಬೇಕು, ಹಳ್ಳಿಯ ಮುನ್ಸೀಫ ಯಾರು, ರಾಜಿ ಮಾಡಿಸುವವನು ಯಾರು ಎಂಬುದೆಲ್ಲ ಆ ಕಾಯ್ದೆಯೊಳಗೇ ಬಂತು. ರೈತ ದಂಗೆ ಎದ್ದಾಗ ನ್ಯಾಯಾಧೀಶನ ವ್ಯವಸ್ಥೆ ಶಾಸನದಲ್ಲಿ ಸೇರುತ್ತದೆ, ಸುಮ್ಮನಿದ್ದಾಗ ಕಡತದಲ್ಲಿ ಉಳಿಯುತ್ತದೆ ಎಂದರೆ ಕಟುವಾದೀತು, ಸುಳ್ಳಾಗಲಾರದು.

ಏಕೀಕರಣವಾಗಿ ಎಂಟು ವರ್ಷಗಳ ನಂತರ, 1964ರಲ್ಲಿ, ನಮ್ಮದೇ ವಿಧಾನಮಂಡಲ ರಾಜ್ಯಕ್ಕೆಲ್ಲ ಒಂದೇ ಸಿವಿಲ್ ನ್ಯಾಯಾಲಯಗಳ ಕಾಯ್ದೆಯನ್ನು ಮಾಡಿತು. ಮುಂಬಯಿಯ ಕಾಯ್ದೆ, ಮದರಾಸಿನ ಕಾಯ್ದೆ, ಹೈದರಾಬಾದಿನದು, ಹಳೆಯ ಮೈಸೂರಿನದು, ಕೊಡಗಿನದು ಎಂಬ ಭೇದ ಹೋಯಿತು. ದೊಡ್ಡ ಕೆಲಸವೇ ಅದು. ಆದರೆ ಸಂಖ್ಯೆಯ ವಿಷಯದಲ್ಲಿ ಹಳೆಯ ಧೋರಣೆಯೇ ಮುಂದುವರಿಯಿತು: ಸರ್ಕಾರವು ಉಚ್ಚ ನ್ಯಾಯಾಲಯದೊಡನೆ ಸಮಾಲೋಚಿಸಿ ನ್ಯಾಯಾಲಯಗಳನ್ನು ಸ್ಥಾಪಿಸುತ್ತದೆ, ಹುದ್ದೆಗಳನ್ನು ನಿಗದಿ ಮಾಡುತ್ತದೆ. ಸಮಾಲೋಚನೆ ಎಂಬ ಮಾತೊಂದು ಸೇರಿತು ನಿಜ. ಆದರೆ ಎಷ್ಟು ವರ್ಷಕ್ಕೊಮ್ಮೆ ಸಮಾಲೋಚಿಸಬೇಕು, ಯಾವ ಅಂಕಿಅಂಶ ನೋಡಬೇಕು, ಉಚ್ಚ ನ್ಯಾಯಾಲಯ ಕೇಳಿದ್ದನ್ನು ಕೊಡದಿದ್ದರೆ ಕಾರಣವನ್ನು ಯಾರಿಗೆ ಹೇಳಬೇಕು ಎಂಬುದಕ್ಕೆ ಉತ್ತರವಿಲ್ಲ. ಅದೇ 1964ರಲ್ಲಿ ಭೂಕಂದಾಯ ಕಾಯ್ದೆಯೂ ಬಂತು. ಅದರಡಿ ತಾಲ್ಲೂಕುಗಳು ಹುಟ್ಟುತ್ತಲೇ ಇವೆ. ಬಾಗಲಕೋಟೆ 1997ರಲ್ಲಿ ಬೇರೆಯಾದ ಮೇಲೆ ವಿಜಾಪುರ ಜಿಲ್ಲೆಗೆ ಉಳಿದದ್ದು ಐದು ತಾಲ್ಲೂಕು. ಈಗ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಸಿಡಿದು ಬಂದಿವೆ. ಹೊಸ ತಾಲ್ಲೂಕಿಗೆ ತಹಶೀಲ್ದಾರರು ಬರುತ್ತಾರೆ. ನ್ಯಾಯಾಧೀಶರು ಬರಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಪ್ರತಿ ಹೊಸ ತಾಲ್ಲೂಕಿಗೂ ನ್ಯಾಯಾಲಯ ಬೇಕೇ ಬೇಕು ಎಂಬುದು ನನ್ನ ವಾದವಲ್ಲ. ಬೇಡವೆಂದಾದರೆ ಹಳೆಯ ತಾಲ್ಲೂಕಿನ ನ್ಯಾಯಾಲಯ ಎಷ್ಟು ಹೊರೆ ಹೊರಬಲ್ಲದು ಎಂಬ ಲೆಕ್ಕವನ್ನಾದರೂ ಬಹಿರಂಗವಾಗಿ ಹಾಕಬೇಕು.

ಆ ಹೊರೆ ಎಂಥದು? ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರು ತಾಲ್ಲೂಕಿನಲ್ಲಿ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯೂ ಆಗಿರುತ್ತಾರೆ. ಆರೋಪಿಯನ್ನು ಪೊಲೀಸರು 24 ಗಂಟೆಗಳೊಳಗೆ ತಂದು ನಿಲ್ಲಿಸಿದರೆ ಅದನ್ನು ಮೊದಲು ನೋಡಲೇಬೇಕು. ಸಾಕ್ಷಿ ಹೇಳಲು ಬಂದು ಕೂತ, ಆಸ್ತಿ ಪಾಲಿನ ವಾಟ್ಣಿ ದಾವೆಯ ಮುದುಕನಿಗೆ ಮುಂದಿನ ತಾರೀಖು. ಇದು ನ್ಯಾಯಾಧೀಶರ ದೋಷವಲ್ಲ, ಒಂದೇ ಪೀಠಕ್ಕೆ ಎರಡು ಕೆಲಸ ಕಟ್ಟಿದ್ದರ ಫಲ. ಇದರ ಮೇಲೆ ಶಾಸನಗಳು ಒಂದೊಂದೇ ಬಂದು ಕೂತವು. ಚೆಕ್ ಅಮಾನ್ಯವಾಗುವುದು 1989ರ ಏಪ್ರಿಲ್‌ನಿಂದ ಅಪರಾಧವಾಯಿತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಮಹಿಳೆಯ ಅರ್ಜಿಯನ್ನು 60 ದಿನಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಅದೇ ದಂಡಾಧಿಕಾರಿಗೆ ಹೇಳಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಜನ್ಮಸಿದ್ಧ ಪಾಲು ಕೊಡುವ ಹೆಜ್ಜೆಯನ್ನು ಕರ್ನಾಟಕ 1994ರಲ್ಲೇ ಇಟ್ಟಿತ್ತು, ಮದುವೆಯಾಗದ ಹೆಣ್ಣುಮಕ್ಕಳ ಮಟ್ಟಿಗೆ. 2005ರ ಕೇಂದ್ರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಸರ್ವೋಚ್ಚ ನ್ಯಾಯಾಲಯದ 2020ರ ವಿನೀತಾ ಶರ್ಮಾ ತೀರ್ಪು ಉಳಿದ ಸಂಶಯಗಳನ್ನು ತೊಡೆಯಿತು. ಇವೆಲ್ಲ ಬೇಕಾದ ಶಾಸನಗಳೇ. ಆದರೆ ಹೊಸ ಹಕ್ಕು ಎಂದರೆ ಹೊಸ ದಾವೆ. ಹಕ್ಕನ್ನು ಕೊಟ್ಟ ಶಾಸಕಾಂಗ ಆ ದಾವೆಯನ್ನು ಕೇಳುವವರು ಯಾರು ಎಂದು ಕೇಳಿಕೊಳ್ಳಲಿಲ್ಲ. ಹೊಸ ಕಾಯ್ದೆಯಿಂದ ನ್ಯಾಯಾಲಯಗಳ ಮೇಲೆ ಬೀಳುವ ಹೊರೆಯನ್ನು ಮೊದಲೇ ಅಂದಾಜು ಮಾಡಬೇಕೆಂದು ನ್ಯಾಯಮೂರ್ತಿ ಎಂ. ಜಗನ್ನಾಥರಾವ್ ಅವರ ನೇತೃತ್ವದ ಕಾರ್ಯಪಡೆ 2008ರಲ್ಲೇ ವರದಿ ಕೊಟ್ಟಿತು. ಆ ವರದಿ ಓದುವುದಕ್ಕೆ ಚೆನ್ನಾಗಿದೆ. ಜಾರಿ ಮಾಡಿದವರಿಲ್ಲ. ನಮ್ಮ ವಿಧಾನಮಂಡಲವೇ 2023ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ರಾಜ್ಯದ ತಿದ್ದುಪಡಿಯನ್ನು ಅಂಗೀಕರಿಸಿ, ಬಡವರ, ಸಣ್ಣ ಮತ್ತು ಅತಿ ಸಣ್ಣ ರೈತರ ದಾವೆಗಳನ್ನು ಆರು ತಿಂಗಳೊಳಗೆ ತೀರ್ಮಾನಿಸುವ ಗುರಿ ಹಾಕಿತು. ಮಳೆಯನ್ನೇ ನಂಬಿದ ಎರಿ ಹೊಲಗಳ ಈ ಸೀಮೆಯಲ್ಲಿ ಆ ತಿದ್ದುಪಡಿಯ ವ್ಯಾಪ್ತಿಗೆ ಬಾರದ ಜಮೀನು ದಾವೆಗಳೇ ಕಡಿಮೆ ಇರಬಹುದು. ಆರು ತಿಂಗಳು ಎಂದು ಕಾಯ್ದೆಯಲ್ಲಿ ಬರೆಯಬಹುದಾದರೆ, ಇಷ್ಟು ಮಂದಿ ನ್ಯಾಯಾಧೀಶರು ಎಂದು ಬರೆಯಲು ಏನಡ್ಡಿ?

ದಾವೆಯ ಮೌಲ್ಯದ ವಿಷಯವನ್ನೂ ಇಲ್ಲಿ ನೋಡಬೇಕು, ಏಕೆಂದರೆ ಯಾವ ನ್ಯಾಯಾಧೀಶರ ಮುಂದೆ ಎಷ್ಟು ರಾಶಿ ಬೀಳುತ್ತದೆ ಎಂಬುದನ್ನು ನಿರ್ಧರಿಸುವುದು ಅದೇ. ಜಮೀನು ಎಲ್ಲಿದೆಯೋ ಅಲ್ಲೇ, ಮತ್ತು ಅಧಿಕಾರವುಳ್ಳ ಅತ್ಯಂತ ಕೆಳಗಿನ ನ್ಯಾಯಾಲಯದಲ್ಲೇ ದಾವೆ ಹೂಡಬೇಕೆಂಬುದು ಸಂಹಿತೆಯ ನಿಯಮ. 1958ರ ನ್ಯಾಯಾಲಯ ಶುಲ್ಕ ಮತ್ತು ದಾವೆ ಮೌಲ್ಯನಿರ್ಣಯ ಕಾಯ್ದೆಯ ಪ್ರಕಾರ ಕಂದಾಯದ ಜಮೀನಿನ ಮೌಲ್ಯ ಎಂದರೆ ಅದರ ಆಕಾರದ, ಅಂದರೆ ವಾರ್ಷಿಕ ಕಂದಾಯದ, 25 ಪಟ್ಟು. ಸಿಂದಗಿಯ ಒಂದು ಎಕರೆಗೆ ಪೇಟೆಯಲ್ಲಿ ಎಷ್ಟೇ ಲಕ್ಷ ಬೆಲೆ ಇರಲಿ, ಮಾಲೀಕತ್ವದ ದಾವೆಯಲ್ಲಿ ಅದು ಕೆಲವೇ ರೂಪಾಯಿಗಳ ಹೊಲ. ಕಿರಿಯ ಶ್ರೇಣಿಯ ನ್ಯಾಯಾಲಯಕ್ಕೆ ಹೋಗುತ್ತದೆ. ಅದೇ ಹೊಲದ ಖರೇದಿ ಕರಾರನ್ನು ಜಾರಿ ಮಾಡಿಸಿ ಎಂದು ಕೇಳಿದರೆ ಕರಾರಿನ ಹಣವೇ ಮೌಲ್ಯ. ಹಿರಿಯ ಶ್ರೇಣಿಯ ನ್ಯಾಯಾಲಯಕ್ಕೆ ಹೋಗಬಹುದು. ಕಿರಿಯ ಶ್ರೇಣಿಯ ಹಣದ ಮಿತಿಯನ್ನು ವಿಧಾನಮಂಡಲ ಏರಿಸಿದಾಗ ಮೇಲಿನ ಕೋಣೆಯ ಕಡತಗಳು ಕೆಳಗಿನ ಕೋಣೆಗೆ ಇಳಿಯುತ್ತವೆ. ಕೆಳಗಿನ ಕೋಣೆಗೆ ಇನ್ನೊಬ್ಬ ನ್ಯಾಯಾಧೀಶರನ್ನು ಕೊಡುವ ಕಲಮು ಅಂಥ ತಿದ್ದುಪಡಿಗಳ ಜೊತೆಗೆ ಬರುವುದಿಲ್ಲ.

ಹಿರಿಯ ಶ್ರೇಣಿಯ ನ್ಯಾಯಾಲಯದ ಮೇಲಾದರೂ ಭಾರ ಹಗುರವೇ? ದೊಡ್ಡ ದಾವೆಗಳು, ಕಿರಿಯ ಶ್ರೇಣಿಯ ತೀರ್ಪುಗಳ ಮೇಲ್ಮನವಿ, ಅಪಘಾತ ಪರಿಹಾರದ ಅರ್ಜಿಗಳು ಇದ್ದೇ ಇವೆ. ಇವುಗಳ ಜೊತೆಗೆ ಕೃಷ್ಣೆಯೂ ಈ ನ್ಯಾಯಾಲಯಗಳಿಗೆ ಹರಿದು ಬಂದಳು. ಆಲಮಟ್ಟಿ ಅಣೆಕಟ್ಟು ನಿಂತಿರುವುದು ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ. ನಾರಾಯಣಪುರದ ಹಿನ್ನೀರು ಮುದ್ದೇಬಿಹಾಳದ ಹಳ್ಳಿಗಳನ್ನು ಮುಟ್ಟುತ್ತದೆ. ಕಾಲುವೆಗಳಿಗೆಂದು ಹೋದ ಜಮೀನು ಬೇರೆ. 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ, ಪರಿಹಾರ ಸಾಲದೆಂದ ರೈತನ ಅರ್ಜಿಯನ್ನು ನ್ಯಾಯಾಲಯಕ್ಕೆ ಕಳಿಸಬೇಕಿತ್ತು. ಕರ್ನಾಟಕ ಈ ಕಲಮಿಗೆ ತನ್ನದೇ ತಿದ್ದುಪಡಿ ಮಾಡಿ, 90 ದಿನಗಳಲ್ಲಿ ಕಳಿಸಬೇಕು, ಕಳಿಸದಿದ್ದರೆ ರೈತನೇ ನ್ಯಾಯಾಲಯದ ಕದ ತಟ್ಟಬಹುದು ಎಂದಿತು. ಅಧಿಕಾರಿಗೆ ಗಡುವು ಹಾಕಿದ ಒಳ್ಳೆಯ ತಿದ್ದುಪಡಿ ಅದು. ಕಳಿಸಿದ ಅರ್ಜಿ ಬಂದು ಬೀಳುವ ಹಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ಮೇಜಿನ ಗತಿ ಏನು ಎಂಬ ಯೋಚನೆ ಮಾತ್ರ ಅದರಲ್ಲಿಲ್ಲ. ಆ ಮೇಜಿನಲ್ಲಾಗುವ ತಡಕ್ಕೆ ಬೆಲೆಯೂ ಉಂಟು, ಅದನ್ನು ತೆರುವುದು ಸರ್ಕಾರವೇ. ನ್ಯಾಯಾಲಯ ಹೆಚ್ಚಿಸಿದ ಪರಿಹಾರದ ಮೇಲೆ ಸ್ವಾಧೀನದ ದಿನದಿಂದ ಮೊದಲ ವರ್ಷಕ್ಕೆ ಶೇ. 9, ಅಲ್ಲಿಂದ ಮುಂದೆ ಶೇ. 15 ಬಡ್ಡಿ ಎಂದು ಆ ಕಾಯ್ದೆಯ 28ನೇ ಕಲಮು ಹೇಳುತ್ತಿತ್ತು. 2013ರ ಹೊಸ ಕಾಯ್ದೆಯ 72ನೇ ಕಲಮಿನಲ್ಲೂ ಅದೇ ದರ. ಒಂದು ಹಳ್ಳಿಯ ಪ್ರಕರಣಗಳಲ್ಲಿ ಒಂದು ಕೋಟಿ ರೂಪಾಯಿ ಹೆಚ್ಚಳವಾಯಿತೆನ್ನಿ. ಎರಡನೆಯ ವರ್ಷದಿಂದ ಬಡ್ಡಿ ವರ್ಷಕ್ಕೆ 15 ಲಕ್ಷ. ಹೊಸದಾಗಿ ನೇಮಕವಾದ ಸಿವಿಲ್ ನ್ಯಾಯಾಧೀಶರ ಮೂಲ ವೇತನ, ಎರಡನೆಯ ರಾಷ್ಟ್ರೀಯ ನ್ಯಾಯಿಕ ವೇತನ ಆಯೋಗದ ಶ್ರೇಣಿಯಂತೆ ತಿಂಗಳಿಗೆ 77,840 ರೂಪಾಯಿ, ವರ್ಷಕ್ಕೆ 9,34,080. ಭತ್ಯೆ, ಸಿಬ್ಬಂದಿ, ಕಟ್ಟಡ ಸೇರಿಸಿದರೆ ಖರ್ಚು ಇದಕ್ಕಿಂತ ಹೆಚ್ಚೇ. ಆದರೂ ಒಂದು ಹಳ್ಳಿಯ ಬಡ್ಡಿಯೊಂದೇ ಒಬ್ಬ ನ್ಯಾಯಾಧೀಶರ ಮೂಲ ವೇತನವನ್ನು ಮೀರಿಸುವಾಗ, ಹುದ್ದೆಗೆ ಹಣವಿಲ್ಲವೆಂಬ ಹಣಕಾಸು ಇಲಾಖೆಯ ಮಾತಿಗೆ ಲೆಕ್ಕಶಾಸ್ತ್ರದ ಬೆಂಬಲ ಸಿಗದು. ಇದು ಹಳೆಯ ಕತೆಯೂ ಅಲ್ಲ. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಅದು ಕಾರ್ಯಗತವಾದಂತೆ ಇನ್ನಷ್ಟು ಮುಳುಗಡೆ, ಇನ್ನಷ್ಟು ಸ್ವಾಧೀನ, ಇನ್ನಷ್ಟು ತಕರಾರು ಬರಲಿವೆ. ಗೇಟಿನ ಎತ್ತರವನ್ನು ಮೂರು ದಶಾಂಶ ಸ್ಥಾನದವರೆಗೆ ಲೆಕ್ಕ ಹಾಕುವ ನಾವು, ಅದರಿಂದೇಳುವ ವ್ಯಾಜ್ಯಗಳಿಗೆ ಎಷ್ಟು ನ್ಯಾಯಾಧೀಶರು ಬೇಕೆಂಬುದನ್ನು ಅಂದಾಜಿಗೂ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಕಾಯ್ದೆಯಲ್ಲಿ ಯಾವ ಸಂಖ್ಯೆ ಬರೆಯಬೇಕು? ಜನಸಂಖ್ಯೆಯ ಲೆಕ್ಕ ಎಲ್ಲರಿಗೂ ಗೊತ್ತಿರುವುದು. ಕಾನೂನು ಆಯೋಗ ತನ್ನ 120ನೇ ವರದಿಯಲ್ಲಿ, 1987ರಲ್ಲಿ, ಹತ್ತು ಲಕ್ಷ ಜನಕ್ಕೆ 10.5ರಷ್ಟಿದ್ದ ನ್ಯಾಯಾಧೀಶರನ್ನು 50ಕ್ಕೆ ಏರಿಸಬೇಕೆಂದಿತು. 2002ರಲ್ಲಿ ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಗುರಿಯನ್ನು ಐದು ವರ್ಷಗಳಲ್ಲಿ ಹಂತಹಂತವಾಗಿ ಮುಟ್ಟಬೇಕೆಂದು ನಿರ್ದೇಶಿಸಿತು. 2011ರ ಜನಗಣತಿಯಂತೆ ವಿಜಾಪುರ ಜಿಲ್ಲೆಯ ಜನಸಂಖ್ಯೆ 21,77,331. ಹತ್ತು ಲಕ್ಷಕ್ಕೆ 50ರಂತೆ ಜಿಲ್ಲೆಗೆ ಸುಮಾರು 109 ನ್ಯಾಯಾಧೀಶರು ಬೇಕು. ಅಷ್ಟು ಮಂದಿಯನ್ನು ಈ ಜಿಲ್ಲೆ ಎಂದೂ ಕಂಡಿಲ್ಲ. ಆದರೆ ಈ ಲೆಕ್ಕಕ್ಕೆ ಜೋತು ಬೀಳುವುದು ಸರಿಯಲ್ಲ. ಇದೇ ಆಯೋಗ 2014ರ 245ನೇ ವರದಿಯಲ್ಲಿ ಜನಸಂಖ್ಯೆಯ ಅಳತೆಯನ್ನು ಒಪ್ಪದೆ, ವರ್ಷಕ್ಕೆ ಎಷ್ಟು ಪ್ರಕರಣ ದಾಖಲಾಗುತ್ತವೆ, ಒಬ್ಬ ನ್ಯಾಯಾಧೀಶರು ಎಷ್ಟನ್ನು ಮುಗಿಸುತ್ತಾರೆ, ಹಳೆಯ ಬಾಕಿ ಎಷ್ಟಿದೆ ಎಂಬುದನ್ನು ನೋಡಬೇಕೆಂದಿತು. ನಾನು ಇದಕ್ಕೆ ಒಂದು ಮಾತು ಸೇರಿಸುತ್ತೇನೆ: ಎಲ್ಲ ಪ್ರಕರಣವನ್ನೂ ಒಂದೇ ತೂಕದಲ್ಲಿ ಎಣಿಸಬಾರದು. ಮೂರು ತಲೆಮಾರಿನ ವಾಟ್ಣಿ ದಾವೆಯೂ ತಪ್ಪೊಪ್ಪಿಕೊಂಡು ದಂಡ ಕಟ್ಟುವ ಮೋಟಾರು ವಾಹನ ಪ್ರಕರಣವೂ ಒಂದೊಂದೇ ಎಂದರೆ ಆ ಎಣಿಕೆ ಯಾರಿಗೂ ಉಪಯೋಗವಿಲ್ಲ. ಆದ್ದರಿಂದ 1964ರ ಕಾಯ್ದೆಗೆ ಒಂದು ಅನುಸೂಚಿ ಬರಲಿ. ಪ್ರತಿ ತಾಲ್ಲೂಕಿನ ಹಿರಿಯ ಮತ್ತು ಕಿರಿಯ ಶ್ರೇಣಿಯ ಹುದ್ದೆಗಳ ಕನಿಷ್ಠ ಸಂಖ್ಯೆ ಅದರಲ್ಲಿರಲಿ. ಐದು ವರ್ಷಕ್ಕೊಮ್ಮೆ ಉಚ್ಚ ನ್ಯಾಯಾಲಯ ತೂಕದ ಲೆಕ್ಕ ಹಾಕಿ ಪರಿಷ್ಕೃತ ಅನುಸೂಚಿಯನ್ನು ಕಳಿಸಲಿ. ಸರ್ಕಾರ ಅದನ್ನು ಸದನದಲ್ಲಿ ಮಂಡಿಸಲಿ. ಕಡಿಮೆ ಮಾಡಬೇಕೆಂದರೆ ಕಾರಣವನ್ನು ಬರೆದು ಮಂಡಿಸಲಿ. ಗೊತ್ತಾದ ಅವಧಿಯಲ್ಲಿ ಸದನ ಏನನ್ನೂ ಬದಲಿಸದಿದ್ದರೆ ಪರಿಷ್ಕೃತ ಅನುಸೂಚಿ ತಾನಾಗಿ ಜಾರಿಗೆ ಬರಲಿ. ನ್ಯಾಯಾಧೀಶರ ಹುದ್ದೆಯ ಜೊತೆಗೆ ಶಿರಸ್ತೇದಾರ, ಬೆಂಚ್ ಕ್ಲರ್ಕ್, ಬೆರಳಚ್ಚುಗಾರ, ಬೇಲಿಫರ ಹುದ್ದೆಗಳೂ ಅದರಲ್ಲೇ ಸೇರಲಿ. ಸಮನ್ಸು ಮುಟ್ಟಿಸುವವನಿಲ್ಲದ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಎಷ್ಟು ಮಂದಿ ಇದ್ದರೂ ದರಖಾಸ್ತು ಮುಂದೆ ಸಾಗುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಸಂವಿಧಾನದ್ದು. ಅಧೀನ ನ್ಯಾಯಾಲಯಗಳ ಮೇಲಿನ ನಿಯಂತ್ರಣ 235ನೇ ಅನುಚ್ಛೇದದಂತೆ ಉಚ್ಚ ನ್ಯಾಯಾಲಯದ್ದು. 1966ರ ನೃಪೇಂದ್ರನಾಥ ಬಾಗ್ಚಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಗಟ್ಟಿಯಾಗಿ ಹೇಳಿದೆ. ಶಾಸಕಾಂಗ ಇಲ್ಲಿ ಕೈ ಹಾಕುವುದೇಕೆ ಎಂಬುದು ಪ್ರಶ್ನೆ. ಆದರೆ ನಿಯಂತ್ರಣ ಎಂದರೆ ವ್ಯಕ್ತಿಗಳ ಮೇಲಿನದು: ವರ್ಗಾವಣೆ, ಬಡ್ತಿ, ಶಿಸ್ತು. ಅದನ್ನು ನನ್ನ ಸಲಹೆ ಮುಟ್ಟುವುದಿಲ್ಲ. ನ್ಯಾಯಾಲಯಗಳ ರಚನೆ ಮತ್ತು ಸಂಘಟನೆ ಮೊದಲು ರಾಜ್ಯ ಪಟ್ಟಿಯಲ್ಲಿತ್ತು, 42ನೇ ತಿದ್ದುಪಡಿಯ ನಂತರ ಸಮವರ್ತಿ ಪಟ್ಟಿಗೆ ಬಂತು. ರಾಜ್ಯದ ಶಾಸನಾಧಿಕಾರ ಹೋಗಲಿಲ್ಲ. ಹುದ್ದೆಯನ್ನು ಸೃಷ್ಟಿಸುವ ಅಧಿಕಾರ ಇಂದೂ ಉಚ್ಚ ನ್ಯಾಯಾಲಯದ ಕೈಯಲ್ಲಿಲ್ಲ, ಕಾರ್ಯಾಂಗದ ಕೈಯಲ್ಲಿದೆ. ಅದನ್ನು ಸದನದ ಬೆಳಕಿಗೆ ತಂದು, ಉಚ್ಚ ನ್ಯಾಯಾಲಯದ ಪ್ರಸ್ತಾವವೇ ಮೂಲವಾಗಬೇಕೆಂದು ಬರೆದರೆ ನ್ಯಾಯಾಂಗದ ಸ್ವಾತಂತ್ರ್ಯ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಸದನಕ್ಕೆ ಬಿಟ್ಟರೆ ರಾಜಕೀಯ ಬರುತ್ತದೆ. ಪ್ರತಿ ಶಾಸಕರೂ ತಮ್ಮ ಊರಿಗೊಂದು ಕೋರ್ಟು ಕೇಳುತ್ತಾರೆ. ಅಥವಾ ಪಕ್ಷಗಳ ಜಗಳದಲ್ಲಿ ಏನೂ ಆಗುವುದಿಲ್ಲ. ಅಮೆರಿಕದ ಒಕ್ಕೂಟ ಜಿಲ್ಲಾ ನ್ಯಾಯಾಧೀಶರ ಸಂಖ್ಯೆಯನ್ನು ಅಲ್ಲಿನ ಸಂಸತ್ತೇ ಕಾಯ್ದೆಯಲ್ಲಿ ಬರೆಯುತ್ತದೆ. 1990ರ ನಂತರ ಅಲ್ಲಿ ಸಮಗ್ರವಾದ ಹೆಚ್ಚಳ ಆಗಿಲ್ಲ. 2024ರಲ್ಲಿ ಅರವತ್ತಕ್ಕೂ ಮೀರಿ ಹೊಸ ಹುದ್ದೆ ಕೊಡುವ ವಿಧೇಯಕ ಎರಡೂ ಸದನಗಳನ್ನು ದಾಟಿತು. ನೇಮಕ ಮಾಡುವ ಅವಕಾಶ ಯಾವ ಅಧ್ಯಕ್ಷರಿಗೆ ಹೋಗುತ್ತದೆಂಬ ಲೆಕ್ಕಾಚಾರದ ನಡುವೆ ಅಧ್ಯಕ್ಷ ಬೈಡನ್ ಡಿಸೆಂಬರಿನಲ್ಲಿ ಅದನ್ನು ತಡೆದರು. ಅಪಾಯ ನಿಜ. ಆದರೆ ಅಲ್ಲಿ ರಾಜಕೀಯ ನುಸುಳಿದ ಬಾಗಿಲು ನೇಮಕದ್ದು. ನಮ್ಮಲ್ಲಿ ಆ ಬಾಗಿಲು ಮುಚ್ಚಿದೆ: 2004ರ ನೇಮಕಾತಿ ನಿಯಮಗಳಂತೆ ಸಿವಿಲ್ ನ್ಯಾಯಾಧೀಶರ ಆಯ್ಕೆ ಉಚ್ಚ ನ್ಯಾಯಾಲಯದ್ದು, ಯಾವ ಪಕ್ಷ ಅಧಿಕಾರದಲ್ಲಿದ್ದರೂ ಹುದ್ದೆಯಲ್ಲಿ ಕೂರುವವರು ಪರೀಕ್ಷೆ ಪಾಸಾದವರೇ. ಸದನ ಸುಮ್ಮನಿದ್ದರೆ ಪ್ರಸ್ತಾವ ಜಾರಿಗೆ ಬರಲಿ ಎಂದದ್ದೂ ಇದೇ ಕಾರಣಕ್ಕೆ. ತಮ್ಮೂರಿಗೆ ಕೋರ್ಟು ಕೇಳುವ ಶಾಸಕರು ಈಗಲೂ ಕೇಳುತ್ತಲೇ ಇದ್ದಾರೆ, ಸಚಿವರ ಕೊಠಡಿಯಲ್ಲಿ. ಅಲ್ಲಿ ಕೇಳುವುದಕ್ಕಿಂತ 224 ಮಂದಿಯ ಎದುರು ಅಂಕಿ ಹಿಡಿದು ಕೇಳುವುದು ವಾಸಿ.

ಇರುವ ಹುದ್ದೆಗಳನ್ನೇ ತುಂಬಲಾಗದಾಗ ಹೊಸದೇಕೆ ಎಂಬ ಮಾತೂ ಇದೆ. ಮಲಿಕ್ ಮಜಹರ್ ಸುಲ್ತಾನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೇಮಕಾತಿಯ ಪ್ರತಿ ಹಂತಕ್ಕೂ ತಾರೀಖು ಗೊತ್ತು ಮಾಡಿದೆ; ತುಂಬುವ ಕ್ರಮ ಇದೆ, ಬಿಗಿ ಬೇಕು. 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿತು. ಮೊದಲೆರಡು ವರ್ಷ ಅಭ್ಯರ್ಥಿಗಳು ಕಡಿಮೆಯಾಗಬಹುದು. ಆದರೆ ಇಂಡಿ, ಮುದ್ದೇಬಿಹಾಳದಂಥ ಕೋರ್ಟುಗಳಲ್ಲಿ ದಿನವೂ ದಿವಾಣಿ ದಾವೆ ನಡೆಸುವ ಕಿರಿಯ ವಕೀಲರಿಗೆ ಇದು ಅನುಕೂಲದ ನಿಯಮವೇ. ಹುದ್ದೆ ಖಾಲಿ ಇರುವುದು ಬೇರೆ ರೋಗ, ಹುದ್ದೆಯೇ ಇಲ್ಲದಿರುವುದು ಬೇರೆ. ಒಂದನ್ನು ತೋರಿಸಿ ಇನ್ನೊಂದಕ್ಕೆ ಮದ್ದು ಬೇಡವೆನ್ನಲಾಗದು. ಬಾಕಿ ಕರಗಿದ ತಾಲ್ಲೂಕಿನಲ್ಲಿ ಹೆಚ್ಚಿನ ನ್ಯಾಯಾಧೀಶರು ಸುಮ್ಮನೆ ಕೂರಬೇಕೇ ಎಂದರೆ, ಅನುಸೂಚಿ ಹೇಳುವುದು ಕನಿಷ್ಠವನ್ನು ಮಾತ್ರ. ಅದಕ್ಕಿಂತ ಮೇಲಿನವರನ್ನು ಬೇರೆಡೆ ನಿಯೋಜಿಸುವ, ತಾಳಿಕೋಟೆಗೋ ಚಡಚಣಕ್ಕೋ ವಾರದಲ್ಲಿ ಕೆಲವು ದಿನ ಸಂಚಾರಿ ನ್ಯಾಯಾಲಯ ಕಳಿಸುವ ಸ್ವಾತಂತ್ರ್ಯ ಉಚ್ಚ ನ್ಯಾಯಾಲಯಕ್ಕೆ ಇದ್ದೇ ಇರುತ್ತದೆ.

ಸಂಚಿತ ನಿಧಿಯಿಂದ ಖರ್ಚು ಬೇಡುವ ವಿಧೇಯಕಕ್ಕೆ 207ನೇ ಅನುಚ್ಛೇದದಂತೆ ರಾಜ್ಯಪಾಲರ ಶಿಫಾರಸು ಬೇಕಾಗುವುದರಿಂದ ಇದನ್ನು ಖಾಸಗಿ ವಿಧೇಯಕವಾಗಿ ತರುವುದು ಕಷ್ಟ, ಸರ್ಕಾರವೇ ತರಬೇಕು. ತರುವಂತೆ ಮಾಡುವ ಕೆಲಸದ ಮೊದಲ ಪಾಲು ಇಲ್ಲಿ ಕೂತಿರುವ ವಕೀಲರದ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ವಕೀಲರ ಸಂಘಗಳು ತಮ್ಮ ತಮ್ಮ ನ್ಯಾಯಾಲಯದ ಹತ್ತು ವರ್ಷಗಳ ದಾಖಲು, ವಿಲೇವಾರಿ, ಬಾಕಿಯನ್ನು ಬಗೆಬಗೆಯಾಗಿ ವಿಂಗಡಿಸಲಿ. ರಾಷ್ಟ್ರೀಯ ನ್ಯಾಯಿಕ ದತ್ತಾಂಶ ಜಾಲದಲ್ಲಿ ಇಂದಿನ ಬಾಕಿಯ ವಿವರ ಯಾರಿಗೂ ಸಿಗುತ್ತದೆ, ಉಳಿದದ್ದಕ್ಕೆ ನ್ಯಾಯಾಲಯದ ವಹಿಗಳಿವೆ. ಅದರ ಆಧಾರದ ಮೇಲೆ ಈ ನಾಲ್ಕು ತಾಲ್ಲೂಕುಗಳ ಕರಡು ಅನುಸೂಚಿಯೊಂದನ್ನು ಸಿದ್ಧಪಡಿಸಿ, ಒಂದು ಪ್ರತಿಯನ್ನು ಉಚ್ಚ ನ್ಯಾಯಾಲಯಕ್ಕೆ, ಒಂದನ್ನು ಕಾನೂನು ಸಚಿವರಿಗೆ, ಒಂದೊಂದನ್ನು ತಮ್ಮ ಶಾಸಕರಿಗೆ ಬೆಳಗಾವಿಯ ಅಧಿವೇಶನಕ್ಕೆ ಮೊದಲೇ ತಲುಪಿಸಬೇಕೆಂದು ಕೋರುತ್ತೇನೆ.